ಪ್ರೋಗ್ರಾಮ್ ಎಲ್ಲಿ ಮಾತಾಡಬೇಕು?

ಇಲ್ಲಿ ಸ್ವಾನ್ ವ್ಯಾಲಿಯಲ್ಲಿ ದ್ರಾಕ್ಷಿ ಕೊಯ್ಲು ಮುಗೀತಾ ಬಂತು. ಇವತ್ತಿನ ಕಂತು ಮಾತ್ರ ದ್ರಾಕ್ಷಿ ಬಗ್ಗೆ ಅಲ್ಲ. ದ್ರಾಕ್ಷಿ ಎಲೆಯ ಶಿಲೀಂಧ್ರದ ಡಿಎನ್‌ಎ ಜೊತೆ ನಾನು ಮಾಡಿಕೊಂಡ ಒಂದು ಎಡವಟ್ಟಿನ ಬಗ್ಗೆ. ಅದಕ್ಕೆ ಕಾರಣ, ಜಾವಾ ಕಲಿಯುವವರೆಲ್ಲ ಮೊದಲ ದಿನವೇ ಬರೆಯುವ ಸಾಲು: ಸಿಸ್ಟಮ್ ಡಾಟ್ ಔಟ್ ಡಾಟ್ ಪ್ರಿಂಟ್‌ಲೈನ್.

ಜೀವಶಾಸ್ತ್ರದವರಿಗೆ ಜಾವಾ ಹೊಸದೇನಲ್ಲ. ಪಿಕಾರ್ಡ್, ಜಿಎಟಿಕೆ, ಫಾಸ್ಟ್‌ಕ್ಯೂಸಿ ಎಲ್ಲವೂ ಜಾವಾದಲ್ಲೇ ಬರೆದವು. ನಾನು ಬರೆದದ್ದು ಪುಟ್ಟದು: ಸೀಕ್ವೆನ್ಸರ್ ಕೊಟ್ಟ ಫಾಸ್ಟ್‌ಕ್ಯೂ ಫೈಲನ್ನು ಫಾಸ್ಟಾ ಮಾಡೋದು, ಅಷ್ಟೇ. ರೀಡ್‌ಗಳನ್ನು ಪ್ರಿಂಟ್‌ಲೈನ್‌ನಲ್ಲಿ ಬರೆಸಿದೆ. ಪ್ರತಿ ಹತ್ತು ಸಾವಿರ ರೀಡ್ ಆದಾಗ, ಕೆಲಸ ಸಾಗ್ತಿದೆ ಅಂತ ಗೊತ್ತಾಗಲಿ ಎಂದು, 'ಡನ್' ಅಂತ ಇಂಗ್ಲಿಷಿನಲ್ಲಿ ಒಂದು ಸಾಲು. ಅದೂ ಪ್ರಿಂಟ್‌ಲೈನ್‌ನಲ್ಲೇ.

ಔಟ್‌ಪುಟ್ಟನ್ನು ಫೈಲಿಗೆ ತಿರುಗಿಸಿದಾಗ ಆ 'ಡನ್' ಕೂಡ ಜೊತೆಗೇ ಹೋಯ್ತು. ಫಾಸ್ಟಾದಲ್ಲಿ ಒಂದು ಶೀರ್ಷಿಕೆ ಸಾಲಿನಿಂದ ಮುಂದಿನ ಶೀರ್ಷಿಕೆವರೆಗೆ ಇರೋದೆಲ್ಲ ಡಿಎನ್‌ಎ ಅಂತಲೇ ಲೆಕ್ಕ. ಹಾಗಾಗಿ ಹತ್ತು ಸಾವಿರದನೇ ರೀಡಿನ ಬಾಲಕ್ಕೆ ಡಿ, ಓ, ಎನ್, ಇ ಅಂಟಿಕೊಂಡವು. ತಮಾಷೆ ನೋಡಿ, ಇದರಲ್ಲಿ ಡಿ ಮತ್ತು ಎನ್ ನಿಜವಾಗಿಯೂ ನ್ಯೂಕ್ಲಿಯೋಟೈಡ್ ಸಂಕೇತಗಳೇ! ಎನ್ ಅಂದ್ರೆ ಯಾವ ಬೇಸ್ ಆದ್ರೂ ಸರಿ. ಡಿ ಅಂದ್ರೆ ಸಿ ಬಿಟ್ಟು ಬೇರೆ ಯಾವುದಾದ್ರೂ. ಮುಂದಿನ ಹಂತದ ಪ್ರೋಗ್ರಾಮ್ ಉಳಿದೆರಡು ಅಕ್ಷರ ಕೈಬಿಟ್ಟು ಸುಮ್ಮನೆ ಕೆಲಸ ಮುಂದುವರಿಸ್ತು. ನನಗೆ ಗೊತ್ತಾಗೋಕೆ ಎರಡು ವಾರ ಬೇಕಾಯ್ತು.

ಸರಿಪಡಿಸೋದು ಸುಲಭ. 'ಡನ್' ಸಾಲಿನಲ್ಲಿ ಔಟ್ ತೆಗೆದು ಎರ್ ಹಾಕಿ, ಅಂದ್ರೆ ಸಿಸ್ಟಮ್ ಡಾಟ್ ಎರ್. ಟರ್ಮಿನಲ್‌ನಲ್ಲಿ ಎರಡೂ ಒಟ್ಟಿಗೇ ಕಾಣುತ್ತವೆ, ಆದ್ರೆ ಒಳಗೆ ಬೇರೆ ಬೇರೆ ಕಾಲುವೆಗಳು. ಹೆಸರು ನೋಡಿ ತಪ್ಪು ವರದಿಗೆ ಮಾತ್ರ ಅಂದ್ಕೋಬೇಡಿ. ಮನುಷ್ಯರಿಗೆ ಹೇಳುವ ಮಾತೆಲ್ಲ ಅಲ್ಲಿಗೇ ಹೋಗಲಿ.

ಇನ್ನು ದತ್ತಾಂಶಕ್ಕೆ ಪ್ರಿಂಟ್‌ಲೈನ್ ಸಾಕಾ? ಸಾವಿರ ಸಾಲಿಗೆ ಸಾಕು. ಕೋಟಿ ಸಾಲಾದರೆ ನಿಧಾನ, ಯಾಕಂದ್ರೆ ಪ್ರತಿ ಸಾಲಿಗೂ ಆಪರೇಟಿಂಗ್ ಸಿಸ್ಟಮ್‌ನ ಕದ ತಟ್ಟುತ್ತೆ. ನನ್ನನ್ನು ಹೆದರಿಸಿದ್ದು ನಿಧಾನ ಅಲ್ಲ, ಮೌನ. ಡಿಸ್ಕ್ ತುಂಬಿ ಬರೆಯೋಕೆ ಆಗದಿದ್ರೂ ಪ್ರಿಂಟ್‌ಲೈನ್ ಎಕ್ಸೆಪ್ಶನ್ ಎಸೆಯಲ್ಲ. ಚೆಕ್‌ಎರರ್ ಕರೆದು ನಾವೇ ವಿಚಾರಿಸಬೇಕು. ಯಾರು ವಿಚಾರಿಸ್ತಾರೆ ಹೇಳಿ? ಪ್ರಿಂಟ್‌ರೈಟರ್ ಕಥೆಯೂ ಅದೇ. ಬಫರ್ಡ್‌ರೈಟರ್ ಹಾಗಲ್ಲ: ಸಾಲುಗಳನ್ನು ಒಟ್ಟುಮಾಡಿ ಕಳಿಸುತ್ತೆ, ಬರೆಯೋಕೆ ಆಗದಿದ್ರೆ ಕೂಗಿ ಹೇಳುತ್ತೆ. ಕೊನೆಯಲ್ಲಿ ಕ್ಲೋಸ್ ಮಾಡೋದು ಮರೆತರೆ ಕಡೇ ಸಾಲುಗಳು ಬಫರ್‌ನಲ್ಲೇ ಉಳಿದುಬಿಡುತ್ತವೆ, ಅದೊಂದು ನೆನಪಿರಲಿ.

ಪ್ರಿಂಟ್‌ಎಫ್ 2004ರಲ್ಲಿ ಜಾವಾ 5 ಜೊತೆ ಬಂತು. ದಶಮಾಂಶ ಸಾಲಾಗಿ ಜೋಡಿಸೋಕೆ ಚೆನ್ನ. ಆದ್ರೆ ಜರ್ಮನ್ ಸೆಟ್ಟಿಂಗ್ ಇರೋ ಕಂಪ್ಯೂಟರಿನಲ್ಲಿ 0.05 ಹೋಗಿ 0,05 ಆಗುತ್ತೆ, ಸಿಎಸ್‌ವಿಯಲ್ಲಿ ಒಂದು ಕಾಲಮ್ ಹೆಚ್ಚಾಗುತ್ತೆ. ಲೊಕೇಲ್ ಡಾಟ್ ರೂಟ್ ಅಂತ ಕೊಟ್ಟುಬಿಡಿ.

ನಿಮ್ಮ ಹತ್ರ ಹಳೇ ಫಾಸ್ಟಾ ಫೈಲ್ ಇದ್ರೆ, ಶೀರ್ಷಿಕೆ ಬಿಟ್ಟು ಉಳಿದ ಸಾಲುಗಳಲ್ಲಿ ಎ, ಸಿ, ಜಿ, ಟಿ, ಎನ್ ಅಲ್ಲದ ಅಕ್ಷರ ಹುಡುಕಿ ನೋಡಿ. ನನಗೆ ಆ 'ಡನ್' ಸಿಕ್ಕಿದ್ದು ಹಾಗೇ.