ಸೆರಗಿನ ತುದಿಯಲ್ಲೊಂದು ಸಣ್ಣ ಕಸುಬು

ಮನೆಯಲ್ಲೇ ಕೂತು ಸೀರೆಗೆ ಕುಚ್ಚು ಕಟ್ಟುವವರಿಗೆ ದೊಡ್ಡ ಬಂಡವಾಳ ಬೇಡ. ಬೇಕಿರುವುದು ಗಿರಾಕಿಯ ನಂಬಿಕೆ. ಅದನ್ನು ಕಡಿಮೆ ಖರ್ಚಿನಲ್ಲಿ ಗಳಿಸುವ ದಾರಿಗಳ ಪರಿಚಯ ಇಲ್ಲಿದೆ.

ಮದುವೆ ಮನೆಯಲ್ಲಿ ಹೆಂಗಸರು ಒಬ್ಬರ ಸೆರಗನ್ನು ಇನ್ನೊಬ್ಬರು ಕೈಗೆತ್ತಿಕೊಂಡು ನೋಡುವುದು ಹೊಸದೇನಲ್ಲ. ಮೊದಲು ಜರಿಯ ವಿಚಾರಣೆ, ಆಮೇಲೆ ಬೆಲೆಯದು. ಈಗ ಮೂರನೆಯ ಪ್ರಶ್ನೆಯೊಂದು ಸೇರಿಕೊಂಡಿದೆ: ‘ಕುಚ್ಚು ಯಾರ ಹತ್ರ ಹಾಕಿಸಿದ್ರಿ?’ ಬೆಂಗಳೂರು, ಮೈಸೂರಿನ ಬಡಾವಣೆಗಳಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ‘ಇಲ್ಲಿ ಸೀರೆ ಕುಚ್ಚು ಹಾಕಿಕೊಡಲಾಗುವುದು’ ಎಂಬ ಬೋರ್ಡು ಗೇಟಿನ ಮೇಲೆ ಕಾಣುವುದು ಈ ಪ್ರಶ್ನೆಯ ಬಲದಿಂದಲೇ.

ಕುಚ್ಚು ಹುಟ್ಟಿದ್ದು ಅಲಂಕಾರಕ್ಕಷ್ಟೇ ಅಲ್ಲ. ಮಗ್ಗದಿಂದ ಇಳಿಸಿದ ಸೀರೆಯ ತುದಿಯಲ್ಲಿ ಹಾಸಿನ ಎಳೆಗಳು ನೇಯದೆ ಹಾಗೇ ಉಳಿದಿರುತ್ತವೆ. ಬಿಟ್ಟರೆ ಅಂಚು ಬಿಚ್ಚಿಕೊಳ್ಳುತ್ತದೆ. ಅವನ್ನು ಗೊಂಚಲು ಮಾಡಿ ಗಂಟು ಹಾಕಿದರೆ ನೇಯ್ಗೆ ಭದ್ರ, ನೋಟಕ್ಕೂ ಚೆಂದ. ಬಿಡಿ ಎಳೆಗಳಿಲ್ಲದ ಸೀರೆಗೆ ಅಂಚು ಹೊಲಿದು, ಬಣ್ಣಕ್ಕೆ ಹೊಂದುವ ದಾರವನ್ನು ಹೊರಗಿನಿಂದ ಸೇರಿಸುತ್ತಾರೆ. ಹತ್ತಾರು ಎಳೆ ಒಟ್ಟುಗೂಡಿಸಿ, ಸೂಜಿಯಿಂದ ಅಂಚಿಗೆ ಪೋಣಿಸಿ, ಮಡಚಿ, ಕುತ್ತಿಗೆಗೆ ಜರಿ ದಾರ ಸುತ್ತಿ ಬಿಗಿದು, ತುದಿಯನ್ನು ಒಂದೇ ಸಮಕ್ಕೆ ಕತ್ತರಿಸಿದರೆ ಒಂದು ಕುಚ್ಚು. ಸೀರೆಯ ಅಗಲ ಸುಮಾರು 45 ಇಂಚು. ಅರ್ಧ ಇಂಚಿಗೊಂದರಂತೆ ಕಟ್ಟಿದರೂ 90 ಕುಚ್ಚು ಬೇಕು. ಬೇಬಿ ಕುಚ್ಚು, ಮಣಿ ಕುಚ್ಚು, ಕ್ರೋಷಾ ಕಡ್ಡಿಯಲ್ಲಿ ಸರಪಳಿ ಹೆಣೆದು ಇಳಿಬಿಡುವ ಕ್ರೋಷಾ ಕುಚ್ಚು ಹೀಗೆ ಬಗೆ ಹೆಚ್ಚಿದಂತೆ ಗಂಟೆಗಳೂ ಹೆಚ್ಚುತ್ತವೆ.

ಸೂಜಿ, ಕತ್ತರಿ, ಕ್ರೋಷಾ ಕಡ್ಡಿ, ದಾರದ ರೀಲುಗಳು, ಮಣಿ, ಬೆಳಕಿರುವ ಕಿಟಕಿ ಇಷ್ಟಿದ್ದರೆ ಕೆಲಸ ಶುರು. ಕಲಿಯುವುದೂ ಕಷ್ಟವಲ್ಲ, ಪಕ್ಕದ ಮನೆಯವರೋ ಯೂಟ್ಯೂಬೋ ಕಲಿಸಿಕೊಡುತ್ತಾರೆ. ಕಷ್ಟ ಇರುವುದು ಮೊದಲ ಗಿರಾಕಿಯನ್ನು ಹುಡುಕುವುದರಲ್ಲಿ.

ಕೊಡುವವರಿಗೆ ಏನು ಅಂಜಿಕೆ?

ಹೊಸದಾಗಿ ಆರಂಭಿಸಿದವರು ಸಾಮಾನ್ಯವಾಗಿ ಡಿಸೈನುಗಳ ಫೋಟೊ ಹರಡುವುದೇ ಪ್ರಚಾರ ಎಂದುಕೊಳ್ಳುತ್ತಾರೆ. ಆದರೆ ಗಿರಾಕಿಗೆ ಡಿಸೈನಿನ ಕೊರತೆಯಿಲ್ಲ, ಮೊಬೈಲಿನ ತುಂಬ ಅವೇ ಇವೆ. ಆಕೆ ಹಿಂಜರಿಯುವುದು ಬೇರೆ ಕಾರಣಕ್ಕೆ. ಸಾವಿರಾರು ರೂಪಾಯಿಯ ಮೈಸೂರು ಸಿಲ್ಕನ್ನೋ, ಅಮ್ಮ ಕೊಟ್ಟ ಧಾರೆ ಸೀರೆಯನ್ನೋ ಗುರುತಿಲ್ಲದವರ ಮನೆಯಲ್ಲಿ ಬಿಟ್ಟು ಬರಬೇಕು. ಕಲೆಯಾದರೆ? ದಾರದ ಬಣ್ಣ ಸೀರೆಗೆ ಹತ್ತಿದರೆ? ಮುಹೂರ್ತದ ಹಿಂದಿನ ದಿನವೂ ಕೈಗೆ ಸಿಗದಿದ್ದರೆ? ಈ ಮೂರು ಅಂಜಿಕೆಗಳಿಗೆ ಉತ್ತರ ಕೊಡುವುದೇ ಕುಚ್ಚಿನವರ ನಿಜವಾದ ಜಾಹೀರಾತು. ಅದಕ್ಕೆ ಹಣಕ್ಕಿಂತ ಶಿಸ್ತು ಹೆಚ್ಚು ಬೇಕು.

ಸೀರೆ ತೆಗೆದುಕೊಳ್ಳುವಾಗ ಗಿರಾಕಿಯ ಎದುರೇ ಬಿಚ್ಚಿ ನೋಡಿ, ಇರುವ ಕಲೆ, ಹರಿದ ಎಳೆಗಳನ್ನು ತೋರಿಸಿ, ಫೋಟೊ ತೆಗೆದು ಅವರಿಗೂ ಕಳಿಸಿ. ಬಗೆ, ಬಣ್ಣ, ದರ, ಕೊಡುವ ದಿನ ಬರೆದ ಚೀಟಿಯೊಂದನ್ನು ಕೈಗಿಡಿ. ಅಂಗಡಿಯಲ್ಲಿ ರೇಷ್ಮೆ ದಾರವೆಂದು ಸಿಗುವ ರೀಲು ಹೆಚ್ಚಾಗಿ ಕೃತಕ ರೇಷ್ಮೆಯದು. ಕೆಲವು ಬಣ್ಣ ಬಿಡುತ್ತವೆ. ಒಂದು ತುಂಡು ನೆನೆಸಿ ಬಿಳಿ ಬಟ್ಟೆಯ ಮೇಲೆ ಒತ್ತಿದರೆ ಗೊತ್ತಾಗುತ್ತದೆ. ಈ ಪರೀಕ್ಷೆಯ ಪುಟ್ಟ ವಿಡಿಯೊ, ಹತ್ತು ಡಿಸೈನುಗಳ ಫೋಟೊಗಿಂತ ಹೆಚ್ಚು ಕೆಲಸ ತರುತ್ತದೆ. ನುಣುಪಾದ ತೆಳು ಸೀರೆಗೆ ಭಾರದ ಮಣಿ ಕೇಳಿದರೆ ‘ಅಂಚು ಜಗ್ಗುತ್ತೆ, ಬೇಡಮ್ಮಾ’ ಎಂದು ಹೇಳುವ ಧೈರ್ಯವಿರಲಿ. ಆ ಮಾತಿನಿಂದ ನೂರಿನ್ನೂರು ಕಡಿಮೆಯಾಗಬಹುದು, ಆದರೆ ಆ ಮನೆಯ ಮುಂದಿನ ಸೀರೆ ನಿಮಗೇ ಬರುತ್ತದೆ.

ನಿಮ್ಮ ಬೀದಿಯೇ ನಿಮ್ಮ ಪೇಟೆ

ರೇಷ್ಮೆ ಸೀರೆಯನ್ನು ಕೊರಿಯರ್‌ನಲ್ಲಿ ಅಪರಿಚಿತರಿಗೆ ಕಳಿಸುವವರು ವಿರಳ. ಹಾಗಾಗಿ ಇನ್‌ಸ್ಟಾಗ್ರಾಂನಲ್ಲಿ ದೂರದ ಊರಿನವರು ಒತ್ತಿದ ಸಾವಿರ ಲೈಕಿಗಿಂತ, ನಡೆದು ಬರುವಷ್ಟು ದೂರದ ಹತ್ತು ಮನೆಗಳ ಪರಿಚಯ ಮೇಲು. ಹಾಕುವ ಪ್ರತಿ ಫೋಟೊದಲ್ಲೂ ಬಡಾವಣೆಯ ಹೆಸರಿರಲಿ. ಗೂಗಲ್‌ನಲ್ಲಿ ವ್ಯವಹಾರದ ಪುಟ ತೆರೆಯುವುದು ಉಚಿತ. ಮನೆಯ ವಿಳಾಸ ಮರೆಮಾಡಿ ಸೇವೆ ಕೊಡುವ ಪ್ರದೇಶವನ್ನಷ್ಟೇ ತೋರಿಸುವ ಅವಕಾಶವೂ ಅಲ್ಲಿದೆ. ಹಗಲೆಲ್ಲ ಒಬ್ಬರೇ ಇರುವ ಹೆಂಗಸರಿಗೆ ಇದು ಮುಖ್ಯ.

ವಾಟ್ಸ್ಆ್ಯಪ್ ಸ್ಟೇಟಸ್ ಈ ಕಸುಬಿನ ಜನಪ್ರಿಯ ಜಾಹೀರಾತು ಫಲಕ. ಅದು ಇರುವುದು 24 ಗಂಟೆ ಮಾತ್ರ. ಕಾಣುವುದೂ ನಿಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ. ಆದ್ದರಿಂದ ಸ್ಟೇಟಸ್ ಹಾಕುವ ಮುನ್ನ, ಗಿರಾಕಿ ಎದುರಿಗಿರುವಾಗಲೇ ‘ನಂಬರ್ ಸೇವ್ ಮಾಡ್ಕೊಳಿ ಅಕ್ಕ’ ಎಂದು ಕೇಳಿಬಿಡಬೇಕು. ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ದರಸಹಿತ ಕ್ಯಾಟಲಾಗ್ ಉಚಿತವಾಗಿ ಮಾಡಿಕೊಳ್ಳಬಹುದು. ‘ದರಕ್ಕೆ ಮೆಸೇಜ್ ಮಾಡಿ’ ಎಂದರೆ ಅರ್ಧ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಫೋಟೊವನ್ನು ಕಿಟಕಿ ಬೆಳಕಿನಲ್ಲಿ ತೆಗೆಯಬೇಕು. ಟ್ಯೂಬ್‌ಲೈಟಿನಡಿ ನೇರಳೆ ನೀಲಿಯಾಗಿ ಕಂಡರೆ ಬಣ್ಣ ಹೊಂದಿಸುವ ನಿಮ್ಮ ಜಾಣ್ಮೆಯೇ ಮರೆಯಾಗುತ್ತದೆ.

ಖರ್ಚು ಮಾಡುವುದಾದರೆ ಎರಡು ಕಡೆ ಮಾಡಿ. ಒಂದು, ಮಾದರಿ ಪಟ್ಟಿ. ಹಳೆಯ ಸೀರೆಯ ತುಂಡುಗಳಿಗೆ ಹತ್ತು ಹನ್ನೆರಡು ಬಗೆಯ ಕುಚ್ಚು ಕಟ್ಟಿ, ರಟ್ಟಿಗೆ ಅಂಟಿಸಿ, ನಂಬರ್ ಹಾಕಿ, ಹಿಂದೆ ಫೋನ್ ಬರೆದು ಫಾಲ್ಸ್ ಮತ್ತು ಜಿಗ್‌ಜಾಗ್ ಹಾಕುವ ಅಂಗಡಿ, ಮ್ಯಾಚಿಂಗ್ ಸೆಂಟರ್, ಬ್ಲೌಸ್ ಹೊಲಿಯುವವರ ಬಳಿ ತೂಗುಹಾಕಿಸಿ. ಹೊಸ ಸೀರೆ ಮೊದಲು ಹೋಗುವುದೇ ಅಲ್ಲಿಗೆ. ಅವರಿಗೆ ಸೀರೆಗಿಷ್ಟು ಎಂದು ಕಮಿಷನ್ ಮೊದಲೇ ಗೊತ್ತುಮಾಡಿ. ಎರಡು, ಸೀರೆ ಮರಳಿಸುವಾಗ ಇಡುವ ಚಿಕ್ಕ ಕಾರ್ಡು. ಬರೀ ಹೆಸರಿನ ಕಾರ್ಡು ಕಸದ ಬುಟ್ಟಿಗೆ ಹೋಗುತ್ತದೆ. ‘ಮಣಿಯ ಮೇಲೆ ಇಸ್ತ್ರಿ ಆಡಿಸಬೇಡಿ, ಕುಚ್ಚನ್ನು ತೆಳು ಕಾಗದದಲ್ಲಿ ಸುತ್ತಿಡಿ, ಒಂದು ಕಿತ್ತರೆ ಉಚಿತವಾಗಿ ಕಟ್ಟಿಕೊಡುತ್ತೇವೆ’ ಎಂದು ಬರೆದದ್ದು ಸೀರೆಯ ಮಡಿಕೆಯಲ್ಲೇ ಬೀರು ಸೇರುತ್ತದೆ, ಮುಂದಿನ ಹಬ್ಬಕ್ಕೆ ಮತ್ತೆ ಕೈಗೆ ಸಿಗುತ್ತದೆ.

ಕಾಲ ನೋಡಿ ಕೂಗಬೇಕು

ಆಷಾಢದಲ್ಲಿ ಮದುವೆಯಿಲ್ಲ, ಕೆಲಸ ಕಡಿಮೆ ಎಂಬುದು ರೂಢಿಯ ಮಾತು. ಆದರೆ ಸೀರೆ ಅಂಗಡಿಗಳ ರಿಯಾಯಿತಿ ಮಾರಾಟ ಜೋರಾಗುವುದು ಆಗಲೇ. ಆ ಸೀರೆಗಳನ್ನೆಲ್ಲ ಉಡುವುದು ಶ್ರಾವಣದ ವರಮಹಾಲಕ್ಷ್ಮಿಗೆ, ಭಾದ್ರಪದದ ಗೌರಿಗೆ. ಹಬ್ಬದ ವಾರ ಪ್ರಚಾರ ಮಾಡಿದರೆ ಕೈ ಸಾಲದೆ ಮಾತು ತಪ್ಪುತ್ತದೆ. ಆಷಾಢದ ಮೊದಲ ವಾರವೇ ‘ಈಗ ಕೊಟ್ಟರೆ ಹಬ್ಬಕ್ಕೆ ಸಿದ್ಧ’ ಎಂದು ತಿಳಿಸಿ, ವಾರಕ್ಕೆ ಎಷ್ಟು ಸೀರೆ ಮುಗಿಸಬಲ್ಲಿರೋ ಅಷ್ಟನ್ನೇ ಒಪ್ಪಿಕೊಳ್ಳಿ. ‘ಈ ವಾರ ಭರ್ತಿ’ ಎಂಬ ಸ್ಟೇಟಸ್ಸೂ ಒಂದು ಜಾಹೀರಾತೇ.

ದರದ ವಿಷಯದಲ್ಲಿ ಹೊಸಬರು ಮುಗ್ಗರಿಸುವುದು ಹೆಚ್ಚು. ಒಂದು ಸೀರೆಗೆ ದಾರ, ಮಣಿ ಸೇರಿ 60 ರೂಪಾಯಿ, ಕೆಲಸಕ್ಕೆ ನಾಲ್ಕು ಗಂಟೆ ಎಂದುಕೊಳ್ಳೋಣ. ಎದುರು ಮನೆಯವರಿಗಿಂತ ಅಗ್ಗವಾಗಿರಲೆಂದು 250 ಹೇಳಿದರೆ ಗಂಟೆಗೆ 50 ರೂಪಾಯಿಯೂ ಗಿಟ್ಟುವುದಿಲ್ಲ. ಒಮ್ಮೆ ಇಳಿಸಿದ ದರವನ್ನು ಏರಿಸುವುದು ಕಷ್ಟ. ರಿಯಾಯಿತಿಯ ಬದಲು ಹೊಂದುವ ಬ್ಲೌಸಿನ ತೋಳಿಗೆ ಎರಡು ಕುಚ್ಚು ಸೇರಿಸಿ ಕೊಡಿ, ಖರ್ಚು ಅತ್ಯಲ್ಪ, ನೋಡುವವರ ಕಣ್ಣಿಗೂ ಬೀಳುತ್ತದೆ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ‘ನಮ್ಮವಳೇ ಅಲ್ವಾ’ ಎಂದು ಬಿಟ್ಟಿ ಮಾಡಿಸಿಕೊಳ್ಳುವ ನೆಂಟರೂ ಇರುತ್ತಾರೆ. ಅವರಿಗೆ ಬೇಕಾದರೆ ಒಂದು ಸೀರೆ ಉಚಿತ, ಆದರೆ ಅದನ್ನು ಉಟ್ಟು ಹೋದಲ್ಲಿ ನಿಮ್ಮ ಹೆಸರು ಹೇಳಬೇಕೆಂಬ ಕರಾರಿನ ಮೇಲೆ.

ಕೆಲಸ ಹೆಚ್ಚಿ ಇನ್ನಿಬ್ಬರನ್ನು ಸೇರಿಸಿಕೊಳ್ಳುವ ಹೊತ್ತಿಗೆ ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬಹುದು. 2020ರ ಜುಲೈನಿಂದ ಇರುವ ಈ ನೋಂದಣಿಗೆ ಶುಲ್ಕವಿಲ್ಲ, ಮಧ್ಯವರ್ತಿಗೆ ಹಣ ಕೊಡಬೇಕಿಲ್ಲ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ ಜಾಮೀನಿಲ್ಲದೆ 50 ಸಾವಿರ ರೂಪಾಯಿವರೆಗೆ ಸಾಲವಿದೆ. ಆದರೆ ಬೋರ್ಡು, ಬ್ಯಾನರಿಗಾಗಿ ಸಾಲ ಮಾಡುವುದು ಬೇಡ. ದಾರದ ದಾಸ್ತಾನಿಗೋ ಜಿಗ್‌ಜಾಗ್ ಯಂತ್ರಕ್ಕೋ ಮಾಡಿದರೆ ಅದು ದುಡಿದು ತೀರಿಸುತ್ತದೆ.

ಕೊನೆಗೊಂದು ಸಲಹೆ. ಲೆಕ್ಕದ ಪುಸ್ತಕದಲ್ಲಿ ಹೆಸರು, ದರ, ದಿನಾಂಕಗಳ ಪಕ್ಕ ‘ಯಾರು ಹೇಳಿ ಬಂದರು’ ಎಂಬ ಇನ್ನೊಂದು ಕಾಲಂ ಎಳೆಯಿರಿ. ಒಂದು ಹಬ್ಬದ ಋತು ಮುಗಿದ ಮೇಲೆ ಅದನ್ನೇ ಓದಿ. ಟೈಲರ್ ಅಂಗಡಿಯ ಹೆಸರು ಹತ್ತು ಸಲ ಇದ್ದು, ದುಡ್ಡು ಕೊಟ್ಟು ಹಂಚಿಸಿದ ಕರಪತ್ರದ ಸುದ್ದಿಯೇ ಇಲ್ಲದಿದ್ದರೆ ಮುಂದಿನ ವರ್ಷ ಹಣ ಎಲ್ಲಿಗೆ ಹೋಗಬೇಕೆಂದು ಯಾರನ್ನೂ ಕೇಳಬೇಕಿಲ್ಲ. ಆ ಕಾಲಂನಲ್ಲಿ ‘ಹಳೆಯ ಗಿರಾಕಿ’ ಎಂಬ ಮಾತು ಎರಡನೆಯ ವರ್ಷವೂ ಕಾಣದಿದ್ದರೆ ಮಾತ್ರ ಪ್ರಚಾರದ ಚಿಂತೆ ಬದಿಗಿಟ್ಟು ಕುಚ್ಚನ್ನೇ ಮತ್ತೊಮ್ಮೆ ನೋಡಬೇಕು.