ಕಾಗದ ಬರೆದು ಕೇಳಿ ಪಡೆದ ಅಂಗಳಗಳು

ಆಮ್‌ಸ್ಟರ್‌ಡ್ಯಾಮ್‌ನ ಹಳೆಯ ಪೇಟೆಯಲ್ಲಿ ಡೈಕ್‌ಸ್ಟ್ರಾಟ್ ಎಂಬ ಇಕ್ಕಟ್ಟಿನ ಬೀದಿಯಿದೆ. ಅಲ್ಲಿ ಎರಡು ಕಟ್ಟಡಗಳ ನಡುವೆ ಪಾಳುಬಿದ್ದಿದ್ದ ಒಂದು ಸಣ್ಣ ಸೈಟು 1954ರಲ್ಲಿ ಮಕ್ಕಳ ಆಟದ ಜಾಗವಾಯಿತು. ಅದರ ಹಿಂದಿನ ಸ್ಥಿತಿ, ಮುಂದಿನ ಸ್ಥಿತಿ ಎರಡನ್ನೂ ತೋರಿಸುವ ಫೋಟೊಗಳ ಜೋಡಿ ವಾಸ್ತುಶಿಲ್ಪ ಓದುವವರಿಗೆಲ್ಲ ಪರಿಚಿತ. ನಾನು ಮಾತ್ರ ಪ್ರತಿ ಸಲವೂ ಮೊದಲನೆಯದನ್ನೇ ಹೆಚ್ಚು ಹೊತ್ತು ನೋಡುತ್ತೇನೆ. ಆ ಊರಿನಲ್ಲಿ ಅಷ್ಟೊಂದು ಮನೆಗಳು ಏಕೆ ಬಿದ್ದವು ಎಂಬುದು ಗೊತ್ತಾದ ಮೇಲೆ ಅದರಿಂದ ಕಣ್ಣು ಕೀಳುವುದು ಕಷ್ಟ.

ನಾಜಿಗಳು ನೆದರ್‌ಲ್ಯಾಂಡ್ಸ್‌ನಿಂದ ಒಂದು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸಿದರು. ತಿರುಗಿ ಬಂದವರು ಸುಮಾರು 5,000 ಮಂದಿ. ಆಮ್‌ಸ್ಟರ್‌ಡ್ಯಾಮ್‌ನ ಯಹೂದಿ ಕೇರಿಯಲ್ಲಿ ಸಾಲುಸಾಲು ಮನೆಗಳು ಬರಿದಾದವು. 1944–45ರ ಚಳಿಗಾಲದಲ್ಲಿ ಅನ್ನವೂ ಇಲ್ಲ, ಉರುವಲೂ ಇಲ್ಲ. ಚಳಿಗೆ ನಡುಗುತ್ತಿದ್ದ ಜನ ಆ ಖಾಲಿ ಮನೆಗಳ ತೊಲೆ, ಬಾಗಿಲು, ಮೆಟ್ಟಿಲುಗಳನ್ನು ಕಿತ್ತೊಯ್ದು ಒಲೆಗಿಟ್ಟರು. ತೊಲೆ ಹೋದ ಮನೆ ಎಷ್ಟು ದಿನ ನಿಂತೀತು? ಯುದ್ಧ ಮುಗಿಯುವ ಹೊತ್ತಿಗೆ ಅಲ್ಲೆಲ್ಲ ಇಟ್ಟಿಗೆ ರಾಶಿ ಉಳಿದಿತ್ತು.

ಆಲ್ಡೊ ವಾನ್ ಐಕ್ 1946ರಲ್ಲಿ ಆ ನಗರಾಡಳಿತದ ಯೋಜನಾ ವಿಭಾಗಕ್ಕೆ ಕೆಲಸಕ್ಕೆ ಸೇರಿದಾಗ ಇಪ್ಪತ್ತೆಂಟರ ತರುಣ ವಾಸ್ತುಶಿಲ್ಪಿ. ವಿಭಾಗವನ್ನು ನಡೆಸುತ್ತಿದ್ದವರು ಕಾರ್ನೆಲಿಸ್ ವಾನ್ ಈಸ್ಟರೆನ್. ಅವರ ಜೊತೆಗಿದ್ದ ಯಾಕೋಬಾ ಮುಲ್ಡರ್ ಎಂಬ ಹಿರಿಯ ಯೋಜಕಿಗೆ ಪ್ರತಿ ಬಡಾವಣೆಗೂ ಮಕ್ಕಳ ಜಾಗ ಬೇಕೆಂಬ ಹಂಬಲ. ಅದುವರೆಗೆ ಅಲ್ಲಿನ ಆಟದ ಮೈದಾನಗಳಲ್ಲಿ ಬಹುಪಾಲು ಸಂಘಗಳವು. ಚಂದಾ ಕಟ್ಟಿದವರ ಮಕ್ಕಳಿಗಷ್ಟೇ ಪ್ರವೇಶ, ಸುತ್ತ ಬೇಲಿ. 1947ರಲ್ಲಿ ಬರ್ಟೆಲ್‌ಮನ್‌ಪ್ಲೈನ್ ಚೌಕದಲ್ಲಿ ವಾನ್ ಐಕ್ ಮಾಡಿದ ಮೊದಲ ಜಾಗಕ್ಕೆ ಚಂದಾ ಕೇಳುವವರಿರಲಿಲ್ಲ. ಒಂದು ಮರಳಿನ ತೊಟ್ಟಿ, ಅದರೊಳಗೆ ನಾಲ್ಕು ದುಂಡು ಕಲ್ಲು, ಲಾಗ ಹಾಕಲು ಕಂಬಿಗಳು, ಸುತ್ತ ಮರ ಮತ್ತು ಬೆಂಚು. ಇಷ್ಟೇ.

ಅದನ್ನು ಕಂಡ ಬೇರೆ ಓಣಿಯವರು ಕಾಗದ ಬರೆಯತೊಡಗಿದರು. ನಮ್ಮ ಮೂಲೆಯಲ್ಲೂ ಖಾಲಿ ಜಾಗವಿದೆ, ನಮ್ಮ ಮಕ್ಕಳಿಗೂ ಇಂಥದ್ದು ಮಾಡಿಕೊಡಿ ಎಂದು. ಇಡೀ ಕತೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ. ಯಾವ ಮೂಲೆ ಬರಿದಾಗಿದೆ, ಯಾವ ಹೊತ್ತಿನಲ್ಲಿ ಅಲ್ಲಿ ಮಕ್ಕಳು ಸೇರುತ್ತಾರೆ ಎಂಬುದು ಆ ಬೀದಿಯಲ್ಲಿ ಬದುಕುವವರಿಗೆ ಗೊತ್ತಿರುವಷ್ಟು ನಕ್ಷೆ ಹಿಡಿದವರಿಗೆ ಗೊತ್ತಿರುವುದಿಲ್ಲ. ಕಾಗದ ಬಂದ ಮೇಲೆ ಅಧಿಕಾರಿಗಳು ಜಾಗ ನೋಡುತ್ತಿದ್ದರು, ವಾನ್ ಐಕ್ ಆ ಜಾಗದ ಅಳತೆಗೆ ತಕ್ಕಂತೆ ಚಿತ್ರ ಬರೆಯುತ್ತಿದ್ದರು. 1951ರಲ್ಲಿ ನೌಕರಿ ಬಿಟ್ಟು ಸ್ವಂತ ಕಚೇರಿ ತೆರೆದ ಮೇಲೂ ಈ ಕೆಲಸ ಬಿಡಲಿಲ್ಲ. 1978ರ ಹೊತ್ತಿಗೆ ಇಂಥ ಜಾಗಗಳು 700 ದಾಟಿದ್ದವು.

ಸಾಮಾನುಗಳೆಲ್ಲ ಅಗ್ಗದವು: ಕಾಂಕ್ರೀಟು, ಕಬ್ಬಿಣದ ಕೊಳವೆ, ಮರಳು. ಜಾಣ್ಮೆಯಿದ್ದದ್ದು ಅವನ್ನು ಇಡುವುದರಲ್ಲಿ. ಮರಳಿನ ತೊಟ್ಟಿಯನ್ನು ನಟ್ಟನಡುವೆ ಇಡದೆ ಒಂದು ಪಕ್ಕಕ್ಕೆ ಸರಿಸಿ, ಕಲ್ಲುಗಳನ್ನೂ ಕಂಬಿಗಳನ್ನೂ ಅದಕ್ಕೆ ತೂಗುವಂತೆ ಹರಡುತ್ತಿದ್ದರು. ಎಲ್ಲಿ ನಿಂತರೂ ಆಟ ನಡೆಯುತ್ತದೆ. ತೊಟ್ಟಿಯ ಅಂಚು ಅಗಲ. ಮಗು ಅದರ ಮೇಲೆ ಓಡುತ್ತದೆ, ಮರಳಿನ ಕಡುಬು ಮಾಡಿ ಸಾಲಾಗಿ ಇಡುತ್ತದೆ, ಕಾಯಲು ಬಂದ ತಾಯಿ ಅಲ್ಲೇ ಕೂರುತ್ತಾಳೆ. ನಮ್ಮ ಮನೆಗಳ ಜಗಲಿಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಳಗೂ ಅಲ್ಲದ, ಹೊರಗೂ ಅಲ್ಲದ ಇಂಥ ನಡುಜಾಗಗಳ ಬಗ್ಗೆ ವಾನ್ ಐಕ್ ಜೀವನಪೂರ್ತಿ ಯೋಚಿಸಿದರು, ಬರೆದರು. ಆನೆ, ಜಿರಾಫೆಯ ಆಕಾರದ ಆಟಿಕೆಗಳನ್ನು ಅವರು ಒಪ್ಪುತ್ತಿರಲಿಲ್ಲ. ಕಂಬಿಗಳ ಅರ್ಧಗೋಲ ಕೊಟ್ಟರೆ ಸಾಕು, ಇವತ್ತು ಕೋಟೆ, ನಾಳೆ ಹಡಗು ಎಂದು ಮಗುವೇ ತೀರ್ಮಾನಿಸಲಿ ಎಂಬುದು ಅವರ ನಂಬಿಕೆ.

ಬೇಲಿಯನ್ನೂ ಅವರು ಆದಷ್ಟು ದೂರವಿಟ್ಟರು. ಆಟದ ಜಾಗ ಬೀದಿಯ ಭಾಗವೇ ಆಗಿರಬೇಕಿತ್ತು. ದಾರಿಹೋಕರು ಅದನ್ನು ಹಾದು ಹೋಗಬೇಕಿತ್ತು. 1956ರಲ್ಲಿ ಡುಬ್ರೊವ್‌ನಿಕ್‌ನಲ್ಲಿ ವಾಸ್ತುಶಿಲ್ಪಿಗಳು ಸಭೆ ಸೇರಿದಾಗ ವಾನ್ ಐಕ್ ಹಿಮದ ಮಾತು ಎತ್ತಿದರು. ಹಿಮ ಬಿದ್ದ ದಿನ ಊರೆಲ್ಲ ಮಕ್ಕಳ ಕೈಗೆ ಬರುತ್ತದೆ, ಹಿಮ ಕರಗಿದೊಡನೆ ಮತ್ತೆ ಅವರು ಮರೆತುಹೋಗುತ್ತಾರೆ; ಹಾಗಾದರೆ ಹಿಮಕ್ಕಿಂತ ಹೆಚ್ಚು ಕಾಲ ನಿಲ್ಲುವಂಥದ್ದೇನನ್ನಾದರೂ ಮಕ್ಕಳಿಗೆ ಕೊಡಬೇಕಲ್ಲವೇ ಎಂಬುದು ಅವರ ಕಳಕಳಿ. ‘ಇಲ್ಲಿ ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕದ ಕೆಳಗೆ ಚೆಂಡು ಬಗಲಲ್ಲಿಟ್ಟುಕೊಂಡು ನಿಂತ ಹುಡುಗರನ್ನು ನಮ್ಮ ಬಡಾವಣೆಯ ಉದ್ಯಾನದಲ್ಲಿ ಕಂಡಾಗೆಲ್ಲ ನನಗೆ ಈ ಹಿಮ ನೆನಪಾಗುತ್ತದೆ, ಹೊಟ್ಟೆ ತೊಳಸುತ್ತದೆ.

ಆ 700ರಲ್ಲಿ ಹೆಚ್ಚಿನವು ಈಗ ಇಲ್ಲ. ಎಷ್ಟೋ ಸೈಟುಗಳನ್ನು ಮನೆ ಕಟ್ಟುವ ತನಕ ಎಂದೇ ಕೊಟ್ಟದ್ದು. ಮನೆ ಎದ್ದಿತು, ಆಟ ಹೋಯಿತು. ಉಳಿದ ಕಡೆ ಕಾರುಗಳು ಬಂದವು, ಬಣ್ಣದ ಹೊಸ ಆಟಿಕೆಗಳು ಬಂದವು. ರೈಕ್ಸ್‌ಮ್ಯೂಸಿಯಂ ಎಂಬ ಅಲ್ಲಿನ ದೊಡ್ಡ ವಸ್ತುಸಂಗ್ರಹಾಲಯ 2013ರಲ್ಲಿ ಮತ್ತೆ ತೆರೆದಾಗ ವಾನ್ ಐಕ್ ಅವರ ಕಂಬಿಗೂಡುಗಳನ್ನು ತನ್ನ ತೋಟಕ್ಕೆ ತಂದಿರಿಸಿಕೊಂಡಿತು. ಅವು ಉಳಿದವು ಎಂಬ ಸಮಾಧಾನ ನನಗಿದೆ, ಮೂಲ ಬೀದಿಗಳಲ್ಲೇ ಉಳಿಯಲಿಲ್ಲವಲ್ಲ ಎಂಬ ನೋವೂ ಇದೆ. ತೋಟಕ್ಕೆ ಟಿಕೆಟ್ ಬೇಕಿಲ್ಲ. ಒಳಗೆ ರೆಂಬ್ರಾಂಟ್‌ನ ಚಿತ್ರಗಳ ಮುಂದೆ ದೊಡ್ಡವರು ಸಾಲು ನಿಂತಿರುತ್ತಾರೆ. ಹೊರಗೆ ಮಕ್ಕಳು ಕಂಬಿ ಹಿಡಿದು ತಲೆಕೆಳಗಾಗಿ ಜೋತಾಡುತ್ತಿರುತ್ತಾರೆ.