ಚಲನೆಯ ವಿದ್ಯೆ

ಕಳೆದ ಬೇಸಗೆಯ ಒಂದು ಸಂಜೆ ನಮ್ಮ ಬೀದಿಯ ಮಿತ್ರರೊಬ್ಬರು ಮಗಳೊಡನೆ ಮನೆಗೆ ಬಂದರು. ಪಿ.ಯು.ಸಿ. ಮುಗಿಸಿದ್ದ ಆ ಹುಡುಗಿ ವ್ಯಾಯಾಮ ಮತ್ತು ಚಲನ ವಿಜ್ಞಾನದಲ್ಲಿಯೇ ಪದವಿ ಪಡೆಯಬೇಕೆಂದು ಹಟ ಹಿಡಿದಿದ್ದಳು. “ಮೇಷ್ಟ್ರೇ, ಓಡುವುದಕ್ಕೂ ನೆಗೆಯುವುದಕ್ಕೂ ಮೂರುನಾಲ್ಕು ವರ್ಷ ಕಾಲೇಜಿಗೆ ಹೋಗಬೇಕೆ? ನೀವಾದರೂ ಬುದ್ಧಿ ಹೇಳಿ” ಎಂದರು ತಂದೆ.

ಹುಡುಗಿ ಖೋ-ಖೋ ಆಟಗಾರ್ತಿ. ಹಿಂದಿನ ವರ್ಷ ಕಂಬ ಸುತ್ತಿ ತಿರುಗುವಾಗ ಮೊಣಕಾಲಿಗೆ ಪೆಟ್ಟಾಗಿ ಆಟ ಬಿಟ್ಟವಳು. “ಒಬ್ಬರು ಮಲಗಿರು ಎಂದರು, ಒಬ್ಬರು ಓಡು ಎಂದರು, ಇನ್ನೊಬ್ಬರು ಹೆಣ್ಣುಮಕ್ಕಳಿಗೆ ಆಟವೇಕೆ ಎಂದರು. ಹೀಗೇಕಾಯಿತೆಂದು ಮಾತ್ರ ಯಾರೂ ಹೇಳಲಿಲ್ಲ, ಸಾರ್” ಎಂದಳು.

ಕನ್ನಡ ಪಾಠ ಹೇಳುವ ನನಗೆ ಈ ಶಾಸ್ತ್ರ ಅಪರಿಚಿತ. ಬುದ್ಧಿ ಹೇಳುವ ಮೊದಲು ನಾನೇ ತಿಳಿದುಕೊಳ್ಳುವುದು ಲೇಸೆಂದು ಒಂದು ವಾರದ ಅವಧಿ ಬೇಡಿದೆ. ಆ ವಾರದ ಓದಿನಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಲಂಡನ್ನಿನ ಬಸ್ಸುಗಳ ಕತೆ.

ಅಲ್ಲಿನ ಎರಡಂತಸ್ತಿನ ಬಸ್ಸುಗಳಲ್ಲಿ ಚಾಲಕನು ದಿನವೆಲ್ಲ ಕುಳಿತೇ ಇರುತ್ತಿದ್ದ. ಕಂಡಕ್ಟರನು ಟಿಕೆಟು ಕೊಡುತ್ತ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಿದ್ದ. ಬಸ್ಸೂ ಒಂದೇ, ಬೀದಿಯೂ ಒಂದೇ. ಆದರೂ ಹೃದ್ರೋಗ ಚಾಲಕರಲ್ಲಿಯೇ ಹೆಚ್ಚೆಂದು ವೈದ್ಯ ಜೆರ್ರಿ ಮಾರಿಸ್ ಮತ್ತು ಸಂಗಡಿಗರು 1953ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಬೇರೊಬ್ಬರಾಗಿದ್ದರೆ ಇಷ್ಟಕ್ಕೇ ತೃಪ್ತರಾಗುತ್ತಿದ್ದರೇನೊ. ಮಾರಿಸ್ ಆಗಲಿಲ್ಲ. ಸ್ಥೂಲಕಾಯರೇ ಚಾಲಕರಾಗಿ ಸೇರುತ್ತಿರಬಹುದೆ ಎಂಬ ಸಂದೇಹ ಅವರನ್ನು ಕಾಡಿತು. ಸಮವಸ್ತ್ರಗಳ ಅಳತೆಯ ಲೆಕ್ಕ ತೆಗೆಸಿ ನೋಡಿದರೆ, ಚಾಲಕರ ಸೊಂಟದ ಸುತ್ತಳತೆ ನಿಜವಾಗಿಯೂ ಹೆಚ್ಚಾಗಿತ್ತು. ಕಿರಿಯ ವಯಸ್ಸಿನವರಲ್ಲಿಯೂ ಹಾಗೆಯೇ. ತಮ್ಮ ವಾದಕ್ಕೆ ತೊಡಕಾಗುವ ಈ ಸಂಗತಿಯನ್ನೂ ಅವರು 1956ರಲ್ಲಿ ಮುಚ್ಚುಮರೆಯಿಲ್ಲದೆ ಪ್ರಕಟಿಸಿದರು. ಅನ್ವೇಷಣೆಯನ್ನು ಮುಂದುವರಿಸಿ, ಬಿಡುವಿನಲ್ಲಿ ಬಿರುಸಾಗಿ ವ್ಯಾಯಾಮ ಮಾಡುವ ಸರಕಾರಿ ನೌಕರರಲ್ಲಿಯೂ ಹೃದ್ರೋಗ ಕಡಿಮೆಯೆಂದು 1973ರಲ್ಲಿ ವರದಿ ಮಾಡಿದರು.

ಮೈಯ ಚಲನೆಯನ್ನು ಅಳೆದು, ಅಳತೆಯನ್ನೂ ಸಂದೇಹಿಸಿ ಮುಂದುವರಿಯುವುದೇ ಈ ವಿದ್ಯೆಯ ತಿರುಳು. ದೈಹಿಕ ಶಿಕ್ಷಣವೆಂದರೆ ಅಧ್ಯಾಪಕರ ತರಬೇತಿ ಮಾತ್ರವಲ್ಲ, ಅದೊಂದು ಜ್ಞಾನಶಾಖೆ ಎಂದು ಬರ್ಕ್ಲಿಯ ಪ್ರಾಧ್ಯಾಪಕ ಫ್ರಾಂಕ್ಲಿನ್ ಹೆನ್ರಿ 1964ರಲ್ಲಿ ವಾದಿಸಿದರು. 1967ರಲ್ಲಿ ಕೆನಡದ ವಾಟರ್ಲೂ ವಿಶ್ವವಿದ್ಯಾನಿಲಯ ಚಲನ ವಿಜ್ಞಾನಕ್ಕೆಂದೇ ಒಂದು ವಿಭಾಗವನ್ನು ತೆರೆಯಿತು. ನಮ್ಮ ದೇಶದಲ್ಲಿ ದೈಹಿಕ ಶಿಕ್ಷಣದ ಕಾಲೇಜುಗಳು ಅದಕ್ಕೂ ಹಿಂದಿನವು: ಮದರಾಸಿನ ವೈ.ಎಂ.ಸಿ.ಎ. ಕಾಲೇಜು 1920ರದು, ಗ್ವಾಲಿಯರಿನ ಲಕ್ಷ್ಮೀಬಾಯಿ ಸಂಸ್ಥೆ 1957ರದು.

ಮುಂದಿನ ಭಾನುವಾರ ತಂದೆ ಮಗಳು ಮತ್ತೆ ಬಂದಾಗ ತಿಳಿದಷ್ಟನ್ನು ಹೇಳಿದೆ. ಈ ಪದವಿಯಲ್ಲಿ ಓಟಕ್ಕಿಂತ ಓದೇ ಹೆಚ್ಚು. ಅಂಗರಚನೆ, ಶರೀರಕ್ರಿಯೆ, ಪೋಷಣೆ, ಮನಶ್ಶಾಸ್ತ್ರ, ಸಂಖ್ಯಾಶಾಸ್ತ್ರ ಎಲ್ಲವೂ ಉಂಟು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರು ರಕ್ತ ಹರಿಸುವ ಹೃದಯ ಕಠಿನ ಶ್ರಮದಲ್ಲಿ 20 ಲೀಟರು ಹರಿಸುವುದು ಹೇಗೆ, ಕಲಿತ ಚಲನೆ ಮೈಗೆ ಹತ್ತುವುದು ಹೇಗೆ ಎಂದು ಅಲ್ಲಿ ಕೇಳುತ್ತಾರೆ. ಥಟ್ಟನೆ ತಿರುಗುವ, ನೆಗೆದಿಳಿಯುವ ಆಟಗಳಲ್ಲಿ ಮೊಣಕಾಲಿನೊಳಗಿನ ಅಸ್ಥಿರಜ್ಜು ಹರಿಯುವ ಸಂಭವ ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಇಳಿಯುವಾಗ ಮೊಣಕಾಲು ಒಳಕ್ಕೆ ವಾಲದಂತೆ ಅಭ್ಯಾಸ ಮಾಡಿಸಿದರೆ ಆ ಅಪಾಯ ಬಹಳಷ್ಟು ತಗ್ಗುತ್ತದೆ. ಇದನ್ನು ಕೇಳಿ ಹುಡುಗಿ ತಂದೆಯ ಕಡೆ ನೋಡಿದಳು. ಆಟ ಬಿಡಿಸುವುದೊಂದೇ ಉಪಾಯವಾಗಿರಲಿಲ್ಲ.

ಎಚ್ಚರಿಕೆಯ ಮಾತನ್ನೂ ಮರೆಮಾಚಲಿಲ್ಲ. ಈ ಪದವಿ ಪಡೆದವರು ಫಿಸಿಯೋಥೆರಪಿಸ್ಟರಾಗುವುದಿಲ್ಲ. ಅದರ ಪದವಿಯೇ ಬೇರೆ. ಶಾಲೆಯ ದೈಹಿಕ ಶಿಕ್ಷಕರಾಗಲೂ ಪ್ರತ್ಯೇಕ ಅರ್ಹತೆ ಬೇಕು. ಸೇರುವ ಮುನ್ನ ಕಾಲೇಜಿನ ಮೈದಾನವನ್ನಷ್ಟೇ ಅಲ್ಲ, ಪ್ರಯೋಗಶಾಲೆಯನ್ನೂ ನೋಡಿ ಬರಬೇಕು.

“ಆದರೂ ಮೈಕೈ ಆಡಿಸುವುದು ಒಂದು ವಿದ್ಯೆಯೆ?” ಎಂದರು ಮಿತ್ರರು. ದುಡಿಮೆಗೆ ಹಿರಿಮೆ ತಂದ ನಮ್ಮ ಶರಣರು ಅದನ್ನು ‘ಕಾಯಕ’ ಎಂದರಷ್ಟೆ. ಆ ಮಾತಿನೊಳಗೆ ಕಾಯವಿದೆ ಎಂದು ನೆನಪಿಸಿದೆ. ಅವರು ಉತ್ತರ ಕೊಡಲಿಲ್ಲ.

ಹೊರಡುವಾಗ ಜಗಲಿಯ ಮೆಟ್ಟಿಲನ್ನು ಹುಡುಗಿ ನೋಯುವ ಕಾಲನ್ನೇ ಮೊದಲು ಇಳಿಬಿಟ್ಟು ಇಳಿದಳು. ಕೆಳಗೆ ನಿಂತು ನೋಡುತ್ತಿದ್ದ ತಂದೆ, “ಆ ಕಾಲನ್ನೇ ಯಾಕಮ್ಮ ಮೊದಲು ಇಡುತ್ತೀ?” ಎಂದು ಕೇಳಿದರು.

“ಹಾಗಿಟ್ಟರೆ ನೋವು ಕಡಿಮೆ. ಯಾಕೆಂದು ಗೊತ್ತಿಲ್ಲ. ಅದನ್ನೇ ಓದುತ್ತೇನೆ ಎನ್ನುತ್ತಿರುವುದು, ಅಪ್ಪ” ಎಂದಳು.